ಬಾವಿಗೆ ಇಳಿಬಿಟ್ಟ ಹಗ್ಗ

ಸಮುದ್ರ ಉಬ್ಬಿದಾಗ ದಡದ ಬಾವಿಗಳ ನೀರು ಎಷ್ಟು ಏರುತ್ತದೆ ಎಂಬುದಕ್ಕೆ ಗಣಿತದ ಸೂತ್ರ ಕಟ್ಟುವುದು ಕಾಲೇಜಿನ ಹುಡುಗನೊಬ್ಬನ ಸಂಶೋಧನೆ. ಅದಕ್ಕಾಗಿ ಸೆವ್ರಿನ್ ಬಾಯಿಯ ಬಾವಿಗೆ ಹಗ್ಗ ಕಟ್ಟಿ ನೀರಿನ ಮಟ್ಟ ಅಳೆದು ಕಳಿಸುವ ಮೀಟರನ್ನು ಇಳಿಬಿಟ್ಟಿದ್ದ. ಆ ಬಾವಿಯಿಂದ ಯಾರೂ ನೀರು ಸೇದಬಾರದು, ಅದೊಂದೇ ಷರತ್ತು. ಒಂಟಿ ಹೆಂಗಸು, ನಲ್ಲಿ ನೀರಿತ್ತು, ಒಪ್ಪಿದ್ದರು. ಆದರೂ ಆಗಾಗ ಅವನ ಬಾಡಿಗೆ ಕೋಣೆಯ ಕಂಪ್ಯೂಟರಿನಲ್ಲಿ ಗ್ರಾಫು ಇದ್ದಕ್ಕಿದ್ದಂತೆ ಕುಸಿಯುತ್ತಿತ್ತು. ಆಗೆಲ್ಲ ಬಸ್ಸು ಹತ್ತಿ ಬಂದು ವಿಚಾರಿಸುತ್ತಿದ್ದ. ಬಾಯಿ "ನಾನಲ್ಲಪ್ಪ" ಎಂದು ಚಹಾ ಕೊಡುತ್ತಿದ್ದರು.

ಈ ಭಾನುವಾರವೂ ಬಂದ.

"ಬಾಯಮ್ಮ, ಗ್ರಾಫು ಮತ್ತೆ ಕುಸಿದಿದೆ. ನಿಜ ಹೇಳಿ, ನೀರು ಸೇದಿದ್ರಾ?"

ಬಾಯಿ ಚಹಾದ ಲೋಟ ಅವನ ಮುಂದಿಟ್ಟು ಎದುರು ಕುಳಿತರು.

"ಸೇದಿದೆ ಮಾರಾಯ್ರೇ. ಪ್ರತಿ ಸಲವೂ ನಾನೇ. ಹತ್ತಿಪ್ಪತ್ತು ಕೊಡ ಸೇದಿ ತೆಂಗಿನ ಬುಡಕ್ಕೆ ಸುರಿಯುವುದು."

"ಎಂತಕ್ಕೆ?"

"ಗ್ರಾಫು ಸರಿ ಇದ್ದರೆ ನೀವು ಬರುವುದಿಲ್ಲವಲ್ಲ. ಈ ಮನೆಗೆ ಬೇರೆ ಯಾರು ಬರ್ತಾರೆ ಹೇಳಿ? ನಿಮ್ಮ ಓದಿಗೆ ತೊಂದರೆ ಮಾಡಿದೆ, ತಪ್ಪಾಯ್ತು. ಇನ್ನು ಆ ಕೊಡ ಮುಟ್ಟುವುದಿಲ್ಲ, ದೇವರಾಣೆ."

ಅವನು ಚಹಾ ಮುಗಿಸಿ ಬಾವಿಕಟ್ಟೆಗೆ ಹೋಗಿ ಬಗ್ಗಿ ನೋಡಿದ.

"ಮೀಟರು ಸರಿ ಉಂಟಾ?" ಬಾಯಿ ಬಾಗಿಲಿನಿಂದಲೇ ಕೇಳಿದರು.

"ಸ್ವಲ್ಪ ಅನುಮಾನ ಬಾಯಮ್ಮ. ಮುಂದಿನ ಭಾನುವಾರ ಬಂದು ನೋಡ್ತೇನೆ."

ಹಗ್ಗದ ತುದಿಗೆ ಅವನೇ ಕಟ್ಟಿದ್ದ ಕಲ್ಲು ನೀರಿನಲ್ಲಿ ತೂಗುತ್ತಿತ್ತು. ಮೀಟರನ್ನು ಹೋದ ತಿಂಗಳೇ ಬಿಚ್ಚಿ ಕಾಲೇಜಿಗೆ ಒಪ್ಪಿಸಿಯಾಗಿತ್ತು.