ಹಗ್ಗ ಜಗ್ಗುವ ಕೈ

ಉಪ್ಪಿನಬೆಟಗೇರಿಯ ಅರವತ್ತು ಅಡಿ ಬಾವಿಯ ತಳದಿಂದ ಅಗೆಯಲು ಇಳಿದಿದ್ದ ಹುಚ್ಚಪ್ಪನನ್ನು ಜೀವಂತವಾಗಿ ಮೇಲೆತ್ತಿಸಿದ್ದು ಫಕ್ರುಸಾಬರ ಬಾಳಿನ ಬಹುದೊಡ್ಡ ಸಾಧನೆ. ಅದಾಗಿ ನಲವತ್ತು ವರ್ಷಗಳು ಸಂದಿವೆ. ಕೆಳಗೆ ಅಗೆಯುವವನು ನೂರು ಎಣಿಸುವಷ್ಟರಲ್ಲಿ ಒಮ್ಮೆ ಸಣ್ಣ ಹಗ್ಗವನ್ನು ಜಗ್ಗಬೇಕು. ಜಗ್ಗದಿದ್ದರೆ ಮೇಲಿನವರು ಏನನ್ನೂ ಕೇಳದೆ ಅವನ ಸೊಂಟದ ಹಗ್ಗವನ್ನು ಎಳೆದುಬಿಡಬೇಕು. ಅದು ಅಂದಿನ ಕಟ್ಟಳೆ.

ಈಗ ಕೆಲಸ ಮಾಡುವ ರಾಯಾಪುರದ ಶೆಡ್ಡಿನಲ್ಲಿ, ಹೊಸ ಯಂತ್ರದ ತಗಡಿನ ಪೆಟ್ಟಿಗೆಗೆ ತಿರುಪು ಬಿಗಿಯುತ್ತ ಅವರು ಇಷ್ಟು ಹೇಳುವಷ್ಟರಲ್ಲಿ ಸೃಷ್ಟಿ ತಡೆದಳು.

"ಕಾಕಾ, ಬಾವಿ ಕತಿ ನಾಳೆ ಹೇಳ್ರಿ. ನಾಕಕ್ಕ ಗಾಡಿ ಬರತೈತಿ."

ನವಜಾತ ಶಿಶುಗಳ ಹಾಸಿಗೆಯನ್ನು ಬೆಚ್ಚಗಿಡುವ ಆ ಯಂತ್ರ, ಎಂಜಿನಿಯರಾಗಿ ಆಕೆ ಒಬ್ಬಳೇ ಹೊಣೆ ಹೊತ್ತ ಮೊದಲನೆಯ ಕೆಲಸ. ಧಾರವಾಡದ ಆಸ್ಪತ್ರೆಯೊಂದು ಅದಕ್ಕಾಗಿ ಕಾದಿತ್ತು. ಯಂತ್ರದ ಪ್ರೋಗ್ರಾಂ ಎರಡು ಸೆಕೆಂಡಿಗೊಮ್ಮೆ ಒಂದು ಪಿನ್ನಿನ ಮೂಲಕ ತಾನು ನಿಂತಿಲ್ಲವೆಂದು ಕಾವಲು ಚಿಪ್‌ಗೆ ಮಿಡಿತ ಕಳುಹಿಸಬೇಕು. ಮಿಡಿತ ನಿಂತರೆ ಚಿಪ್ ಹೀಟರನ್ನು ಆರಿಸಿ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತದೆ. ವಾರವಿಡೀ ಯಂತ್ರ ಹೀಗೆ ನಿಂತು ನಿಂತು ಏಳುತ್ತಿತ್ತು. ಬೇಸತ್ತ ಸೃಷ್ಟಿ ನಿನ್ನೆ ಯಂತ್ರದ ಹೊಂದಾಣಿಕೆಗಳಿರುವ ಕಾನ್ಫಿಗ್ ಫೈಲಿನಲ್ಲಿ ಆ ಪಿನ್ನಿನ ವಿವರವನ್ನೇ ಬದಲಿಸಿದ್ದಳು. ಆಮೇಲೆ ಅದು ಒಮ್ಮೆಯೂ ನಿಂತಿಲ್ಲ. ಪಿನ್ನಿನ ಪಕ್ಕದ ಹಸಿರು ದೀಪ ಒಂದೇ ಸಮನೆ ಮಿನುಗುತ್ತಿತ್ತು.

ಫಕ್ರುಸಾಬರು ಸರಕ್ಕನೆ ಕೈ ಹಿಂದೆಗೆದರು. "ಯವ್ವಾ, ತಗಡ ಸುಡಾಕತ್ತೇತಿ!"

"ಪರದೆ ಮ್ಯಾಲ ಮೂವತ್ತಾರ ಡಿಗ್ರಿ ಐತಲ್ರಿ. ದೀಪಾನೂ ಮಿಣಕಾಕತ್ತೇತಿ."

"ಅದನ್ನ ಮಿಣಕಸಾಂವ ಯಾಂವ? ನಿನ್ನ ಪ್ರೋಗ್ರಾಮ್ ಹೌದಿಲ್ಲೋ?"

ಸೃಷ್ಟಿ ತಡವರಿಸಿದಳು. "ಅಲ್ರಿ... ಪಿನ್ನ ಒಳಗಿನ ಗಡಿಯಾರಕ್ಕ ಹಚ್ಚೇನಿ. ಅದು ತನ್ನಷ್ಟಕ್ಕ ಬಡಕೋತೈತಿ."

"ಹುಚ್ಚಪ್ಪನೂ ಹಂಗ ಮಾಡಿದ್ದ ನೋಡವಾ. ಜಗ್ಗಿ ಜಗ್ಗಿ ಬ್ಯಾಸತ್ತು, ಹಗ್ಗಾ ನೀರೆತ್ತೂ ಪಂಪಿನ ಅಳ್ಳಾಡೂ ಪೈಪಿಗೆ ಕಟ್ಟಿದ್ದ. ಕೆಟ್ಟ ಗಾಳಿಗೆ ಅಂವ ಎಚ್ಚರ ತಪ್ಪಿ ಬಿದ್ರೂ ಹಗ್ಗಾ ಅಳ್ಳಾಡತಿತ್ತು. ಮ್ಯಾಲಿನವ್ರು ಆರಾಮ ಚಾ ಕುಡ್ಯಾಕತ್ತಿದ್ರು. ದಣದ ಮನಶ್ಯಾ ಹಿಂಗ ಒಂದ ಸಮ ಜಗ್ಗೂದಿಲ್ಲಂತ ನನಗ ಅನಿಸ್ತು. ಎಳೀರಲೇ ಅಂದೆ."

ಸೃಷ್ಟಿ ಪ್ಲಗ್ಗನ್ನು ಕಿತ್ತಳು. ಹಾಸಿಗೆಯ ಮೇಲಿಟ್ಟಿದ್ದ ಉಷ್ಣಮಾಪಕ ನಲವತ್ತಾರನ್ನು ತೋರಿಸುತ್ತಿತ್ತು. ಪ್ರೋಗ್ರಾಂ ಯಾವಾಗಲೋ ಸ್ತಬ್ಧವಾಗಿ, ಪರದೆಯಲ್ಲಿ ಹಳೆಯ ಅಂಕಿಯಷ್ಟೇ ಉಳಿದಿತ್ತು.

ಅವಳು ಆಸ್ಪತ್ರೆಗೆ ಫೋನು ಮಾಡಿದಳು. "ಇವತ್ತ ಕಳಸಾಂಗಿಲ್ರಿ. ದೋಷ ಇನ್ನೂ ಒಳಗ ಐತಿ." ಬಳಿಕ ಫೈಲನ್ನು ತೆರೆದು, ಪಿನ್ನನ್ನು ಮರಳಿ ಪ್ರೋಗ್ರಾಮಿನ ಕೈಗೇ ಒಪ್ಪಿಸಿ, ಯಂತ್ರವನ್ನು ಚಾಲೂ ಮಾಡಿದಳು.

ಕಾಲು ಗಂಟೆ ಕಳೆಯಿತು. ಪ್ರೋಗ್ರಾಂ ಮತ್ತೆ ಸ್ತಬ್ಧವಾಗಿ, ಹಸಿರು ದೀಪದ ಮಿನುಗು ನಿಂತಿತು. ಹೀಟರಿನ ಕೆಂಪು ದೀಪ ತಾನಾಗಿಯೇ ಆರಿತು.

ಸೃಷ್ಟಿ ಸ್ಟೂಲನ್ನು ಮುದುಕರ ಪಕ್ಕಕ್ಕೆ ಎಳೆದುಕೊಂಡಳು.

"ಕಾಕಾ, ಬಾವಿ ಕತಿ ಇನ್ನೊಮ್ಮೆ ಹೇಳ್ರಿ. ಮೊದಲಿಂದ."