ಮುಧೋಳಕ್ಕೆ ಒಂದೇ ಬಸ್ಸು

ಪರಸಪ್ಪ ಬಸ್ಸಿನ ಹಿಂದಿನ ಟಯರಿಗೆ ಒದ್ದದ್ದನ್ನು ಮೊದಲು ಕಂಡವನು ಜಕ್ಕಪ್ಪ. ಒದ್ದ, ಮತ್ತೊಮ್ಮೆ ಒದ್ದ, ಆಮೇಲೆ ಬಗ್ಗಿ ಗಾಲಿಯ ಸಂದಿಗೆ ಕೈ ಹಾಕಿದ.

"ಗಾಳಿ ಬಿಡಾಕತ್ತಾನ ನೋಡ್ರಿ ಮಗಾ!" ಜಕ್ಕಪ್ಪ ಕಿಟಕಿಯಲ್ಲಿ ಹಲ್ಲು ಕಡಿದ.

ಜಮಖಂಡಿ ನಿಲ್ದಾಣದಿಂದ ಅಂದು ಹೊರಡಲಿದ್ದದ್ದು ಅದೊಂದೇ ಬಸ್ಸು. ಸಾರಿಗೆ ನೌಕರರ ಮುಷ್ಕರ. ಗೇಟಿನ ಬಳಿ ಪೆಂಡಾಲು, ಅದರೊಳಗೆ ಖಾಕಿ ಕಳಚಿಟ್ಟು ಕುಳಿತ ಚಾಲಕರು, ಕಂಡಕ್ಟರುಗಳು. ಅವರೆಲ್ಲರ ಮುಖಂಡನೇ ಈ ಪರಸಪ್ಪ. ಕಲ್ಲು ಬೀಳುತ್ತವೆಂದು ಬಾಡಿಗೆಯ ಕ್ರೂಸರ್ ಜೀಪಿನವರೂ ಗಾಡಿ ತೆಗೆದಿರಲಿಲ್ಲ. ಹೀಗಿರುವಾಗ ಕಂಟ್ರೋಲರ್ ಬಂದು, "ಮುಧೋಳಕ್ಕ ಒಂದ ಗಾಡಿ ಬಿಡ್ತೇವಿ. ಡ್ರೈವರ್ ಬರ್ತಾನ, ಸುಮ್ಮ ಕುಂದರ್ರಿ," ಎಂದು ಪಿಸುಗುಟ್ಟಿ, ಕೀಲಿ ತರಲು ಡಿಪೋಗೆ ಹೋಗಿದ್ದ. ಹೊರಗಿನ ಊರಿಂದ ಚಾಲಕನನ್ನು ಕರೆಸಿದ್ದಾರೆ ಎಂದು ಮುಂದಿನ ಸೀಟಿನ ಬಟ್ಟೆ ವ್ಯಾಪಾರಿ ರಾಚಪ್ಪ ಎಲ್ಲರಿಗೂ ಸಾರಿದ್ದ. ಅವನಿಗೆ ಯಾರು ಹೇಳಿದ್ದರೋ ಆ ದೇವರೇ ಬಲ್ಲ.

ಜಕ್ಕಪ್ಪನಿಗೆ ಆ ಬಸ್ಸು ತಪ್ಪಿದರೆ ತಂಗಿಯ ಮುಖ ತಪ್ಪಿದಂತೆ. ಮುಧೋಳದ ಹತ್ತಿರದ ರನ್ನ ಬೆಳಗಲಿಗೆ ಕೊಟ್ಟಿದ್ದ ಅನಸವ್ವ ನಸುಕಿನಲ್ಲಿ ತೀರಿಕೊಂಡಿದ್ದಳು. ಮಧ್ಯಾಹ್ನ ಮಣ್ಣು. ತವರಿನ ಸೀರೆ ಹೊದಿಸದೆ ಹೆಣ್ಣುಮಗಳನ್ನು ಎತ್ತುವುದಿಲ್ಲ, ನಿಜ. ಆದರೆ ಬೀಗರಾದರೂ ಎಷ್ಟು ಹೊತ್ತು ಕಾದಾರು? ಸೀರೆ ಹೆಂಡತಿ ಪದ್ಮವ್ವನ ಮಡಿಲಲ್ಲಿತ್ತು. ತಮ್ಮೂರು ತುಬಚಿಯಿಂದ ಹಾಲಿನ ಗಾಡಿಯಲ್ಲಿ ಇಬ್ಬರೂ ಇಲ್ಲಿಯತನಕ ಬಂದು ಸಿಕ್ಕಿಬಿದ್ದಿದ್ದರು.

ಹೋದ ವಾರವಷ್ಟೇ ಅನಸವ್ವ ಫೋನ್ ಮಾಡಿದ್ದಳು. "ಒಂದ ಸಲ ಬಂದ ಹೋಗೋ ಅಣ್ಣಾ." ಕಬ್ಬಿಗೆ ನೀರು ಬಿಡುವುದಿದೆ, ಬರ್ತೀನಿ ತಗೋ ಎಂದಿದ್ದ. ಹೋಗಲಿಲ್ಲ. ಈಗ ಅದು ಒಳಗೊಳಗೇ ಕೊರೆಯುತ್ತಿತ್ತು.

ಅದಕ್ಕೇ ಬಂದವನೇ ಸೀರೆ ಹಿಡಿದುಕೊಂಡು ಪೆಂಡಾಲಿಗೆ ಹೋಗಿ ಪರಸಪ್ಪನಿಗೆ ಕೈ ಮುಗಿದಿದ್ದ. "ತಂಗಿ ಹೋಗ್ಯಾಳ್ರೀ. ತವರ ಸೀರಿ ಮುಟ್ಟಸಬೇಕು. ಒಂದ ಬಸ್ ಬಿಡ್ರೀ." ಪರಸಪ್ಪ ಸೀರೆಯನ್ನು ನೋಡಿದ. ಸುತ್ತ ಕುಳಿತ ತನ್ನವರನ್ನು ನೋಡಿದ. "ಮುಷ್ಕರ ಐತ್ರಿ ಯಜಮಾನ್ರ," ಎಂದು ಮುಖ ತಿರುಗಿಸಿಬಿಟ್ಟ. ಮನುಷ್ಯನೇನು ಅವನು!

ಈಗ ಅದೇ ಪರಸಪ್ಪ ಚಾಲಕನ ಬದಿಯ ಬಾಗಿಲು ತೆಗೆದು ಬಸ್ಸು ಹತ್ತಿದ. ಹೊರಗಿನ ಕನ್ನಡಿ ಹಿಡಿದು ಹಿಂಡಿ ತಿರುವಿದ. ಹೆಗಲ ಮೇಲಿನ ಟವೆಲ್ ತೆಗೆದು ಚಾಲಕನ ಸೀಟಿಗೆ ಹಾಸಿದ.

ಈ ಕಡೆಯ ಬಸ್ಸುಗಳಲ್ಲಿ ಟವೆಲ್ ಬಿದ್ದಲ್ಲಿ ಸೀಟು ಹಿಡಿದಂತೆಯೇ. ಕಿಟಕಿಯಿಂದ ಒಗೆದರೂ ಸಾಕು, ಆಮೇಲೆ ಎಂಥ ದೊಡ್ಡ ಮನುಷ್ಯ ಬಂದರೂ ಅಲ್ಲಿ ಕೂಡುವಂತಿಲ್ಲ. ಜಕ್ಕಪ್ಪನೂ ತನ್ನ ಸೀಟನ್ನು ಹಾಗೆಯೇ ಹಿಡಿದಿದ್ದ.

"ಡ್ರೈವರ್ ಸೀಟಿಗೇ ಟವೆಲ್ ಹಾಕಿದ್ನಲ್ಲೋ!" ರಾಚಪ್ಪ ಕೂಗಿದ. "ಬಂದಾಂವಗ ಕುಂದರಾಕ ಬಿಡಬಾರದಂತ!"

ಜಕ್ಕಪ್ಪನ ಪಿತ್ತ ನೆತ್ತಿಗೇರಿತು. ಜನರನ್ನು ಸರಿಸಿಕೊಂಡು ಮುಂದೆ ನುಗ್ಗಿದ. "ಇಳೀಲೇ ಕೆಳಗ!"

ಪರಸಪ್ಪ ಪೆಂಡಾಲಿನತ್ತ ನೋಡಿ ದನಿ ತಗ್ಗಿಸಿದ. "ಗದ್ಲಾ ಮಾಡಬ್ಯಾಡ್ರಿ, ಅವರಿಗೆ ಕೇಳತೈತಿ. ನನ್ನ ಕೆಲಸಾ ನನಗ ಮಾಡಾಕ ಬಿಡ್ರಿ."

"ಏನಲೇ ನಿನ್ನ ಕೆಲಸಾ? ಮಂದಿ ಹೊಟ್ಟಿ ಉರಸೂದು?"

ಎದೆಗೆ ಕೈ ಹಚ್ಚಿ ದಬ್ಬಿಯೇಬಿಟ್ಟ. ತೆರೆದ ಬಾಗಿಲಿನಿಂದ ಪರಸಪ್ಪ ಹಿಂದಕ್ಕೆ ಉರುಳಿ, ಬಲಗೈ ಊರಿ ನೆಲಕ್ಕೆ ಬಿದ್ದ. ಲಟಕ್ಕೆಂದದ್ದು ಬಸ್ಸಿನೊಳಗೂ ಕೇಳಿಸಿತು.

ಪೆಂಡಾಲಿನವರು ಓಡಿ ಬಂದರು. "ಯಾರ್ ದಬ್ಬಿದ್ರಣ್ಣಾ? ಹೆಸರ ಹೇಳು!" ಜಕ್ಕಪ್ಪನ ಜೀವ ಬಾಯಿಗೆ ಬಂತು. ಪರಸಪ್ಪ ಮಣಿಕಟ್ಟು ಹಿಡಿದುಕೊಂಡು ಅವನತ್ತ ಒಮ್ಮೆ ನೋಡಿದ. "ಯಾರೂ ಇಲ್ಲೋ. ಕಾಲ ಜಾರಿತು."

"ಈ ಗಾಡಿ ಹಂತೇಕ ಯಾಕ ಬಂದಿದ್ದಿ?"

ಪರಸಪ್ಪ ಎಡಗೈ ಊರಿ ಎದ್ದ. ಬೈಕಿನ ಮೇಲೆ ಕೂಡಿಸಿಕೊಂಡು ಅವನನ್ನು ಆಸ್ಪತ್ರೆಗೆ ಒಯ್ದರು.

ಬಸ್ಸಿನೊಳಗೆ ಹಬ್ಬದ ಕಳೆ. "ಛಲೋ ಮಾಡಿದಿ ನೋಡಪಾ! ಇವರಿಗೆ ಹಿಂಗ ಆಗಬೇಕು," ಎಂದು ರಾಚಪ್ಪ ಬೆನ್ನು ತಟ್ಟಿದ. ಜಕ್ಕಪ್ಪ ಆ ಕೈಯನ್ನು ಸರಿಸಿ ಬಂದು ಕುಳಿತ. ಕಿವಿಯಲ್ಲಿ ಇನ್ನೂ ಆ ಲಟಕ್ಕೆಂಬ ಸದ್ದು. ಹುಟ್ಟಿದಾಗಿನಿಂದ ಯಾರ ಮೈಮೇಲೂ ಕೈ ಮಾಡಿದವನಲ್ಲ. ತಂಗಿ ಸತ್ತ ದಿನವೇ ಮಾಡಿದ್ದ.

"ನನ್ನ ಹೆಸರ ಯಾಕ ಹೇಳಲಿಲ್ಲ ಅಂವ?"

"ನನ್ನ ಏನ್ ಕೇಳ್ತೀರಿ?" ಪದ್ಮವ್ವ ಅವನ ಮುಖ ನೋಡಲಿಲ್ಲ. "ಕೈ ಮುರೀತಲ್ರೀ ಅವಂದು. ಅವನ ಮನ್ಯಾಗೂ ಅಕ್ಕತಂಗೇರು ಇರತಾರ."

ಮಣ್ಣು ಮುಗಿಸಿ ಬಂದವನೇ ಆಸ್ಪತ್ರೆಗೆ ಹೋಗಬೇಕು, ಕಾಲು ಹಿಡಿಯಬೇಕು, ತಪ್ಪಾತು ಅನ್ನಬೇಕು ಎಂದುಕೊಂಡ. ಅಷ್ಟು ಅಂದುಕೊಂಡರೂ ಮನಸ್ಸು ಹಗುರಾಗಲಿಲ್ಲ.

ಬೆಳಗಲಿಯಿಂದ ತಂಗಿಯ ಮಗನ ಫೋನ್ ಬಂತು. "ಎಲ್ಲಿದ್ದೀರಿ ಮಾವಾ? ಬಿಸಲ ಏರೈತಿ. ಇನ್ನ ಇಡಾಕ ಆಗೂದಿಲ್ಲ ಅನ್ನಾಕತ್ತಾರ ಹಿರ್ಯಾರು."

"ಬಸ್ಸಿನ್ಯಾಗ ಕುಂತೇವೋ. ಡ್ರೈವರ್ ಬಂದ ಅಂದ್ರ ಹೊಂಟಂಗ. ಮುಚ್ಚಬ್ಯಾಡ್ರಪಾ, ನಿಮ್ಮ ಕೈ ಮುಗೀತೇನಿ."

ಅಷ್ಟರಲ್ಲಿ ಕಂಟ್ರೋಲರ್ ಕೀಲಿ ಹಿಡಿದು ಓಡೋಡಿ ಬಂದ. ಚಾಲಕನ ಖಾಲಿ ಸೀಟು ನೋಡಿ ತಬ್ಬಿಬ್ಬಾದ.

"ಲಗೂ ಬರ್ರಿ ಸಾಹೇಬ್ರ," ಜಕ್ಕಪ್ಪ ಎದ್ದು ನಿಂತ. "ಹೊರಗಿನ ಡ್ರೈವರ್ ಇನ್ನೂ ಬಂದಿಲ್ಲ."

"ಹೊರಗಿನಾಂವ ಯಾರ್ರೀ? ತವರ ಸೀರಿ ಹಿಡಕೊಂಡ ಒಬ್ಬ ಅಣ್ಣ ಬಂದಾನ, ಸಂಘದವರು ಮಾರಿಗೆ ಉಗುಳಿದ್ರೂ ಅಡ್ಡಿಯಿಲ್ಲ, ಅವನ್ನ ನಾನ ಮುಟ್ಟಸ್ತೇನಿ ಅಂದು ಈ ಗಾಡಿ ಹಚ್ಚಿಸಿದಾಂವ ಪರಸಪ್ಪ. ಎಲ್ಲಿ ಹೋದಾ?"