ಹತ್ತೊಂಬತ್ತನೆಯ ಎಲೆ

ಹೆಡ್‌ಮಾಸ್ಟರ್ ಮಂಜಪ್ಪ ಇಲಾಖೆಯ ಸ್ವಚ್ಛತಾ ಸುತ್ತೋಲೆಯ ಮೊದಲ ಪುಟ ಓದಿ ಶಾಲೆಯ ಹಲಸಿನ ಮರದ ಬುಡದಲ್ಲಿದ್ದ ತರಗೆಲೆಗೆಲ್ಲ ಬೆಂಕಿ ಹಾಕಿಸಿದರು. ಹೊಗೆ ಇಳಿದ ಮೇಲೆ ಎರಡನೆಯ ಪುಟ ಓದಿದರು. ಮೊದಲನೆಯದರಲ್ಲಿ, ಆವರಣದಲ್ಲಿ ಒಂದೂ ತರಗೆಲೆ ಇರಬಾರದು, ಹತ್ತು ಅಂಕ ಎಂದಿತ್ತು. ಎರಡನೆಯದರಲ್ಲಿ, ಎಲೆಗೊಬ್ಬರದ ಗುಂಡಿ ತುಂಬಿರಬೇಕು, ಅದಕ್ಕೂ ಹತ್ತು ಅಂಕ ಎಂದಿತ್ತು. ಎರಡರ ಫೋಟೋವೂ ಹನ್ನೊಂದರೊಳಗೆ ಆ್ಯಪಿಗೆ ಹೋಗಬೇಕು. ಆಗಲೇ ಹತ್ತು ಗಂಟೆ. ಗುಂಡಿ, ತೋಡಿದ ದಿನದಷ್ಟೇ ಚೊಕ್ಕಟವಾಗಿ ಖಾಲಿ ಇತ್ತು.

ಬಸ್ಸಿಳಿದು ಬಂದ ವಿಜ್ಞಾನದ ಟೀಚರ್ ಮೇಧಾಳಿಗೆ ಮೊದಲು ಕಂಡದ್ದು ಗುಂಡಿಯಲ್ಲ, ಬೂದಿ.

"ಸರ್, ಮರದ ಆಚೆ ಮಗ್ಗುಲಿಗೆ ಕಲ್ಲಿಟ್ಟು ಗಡಿ ಮಾಡಿದ್ವಲ್ಲ, ಅದನ್ನೂ ಸುಟ್ರಾ?"

"ಅಲ್ಲೆಂತ ಇತ್ತು? ಬರೀ ಕೊಳೆತ ಎಲೆ."

"ಕೊಳೀಲಿ ಅಂತಲೇ ಇಟ್ಟಿದ್ದು ಸರ್!"

ಏಳನೆಯ ತರಗತಿಯ ಹತ್ತೊಂಬತ್ತು ಮಕ್ಕಳು ಜೂನಿನಲ್ಲಿ ಒಂದೊಂದು ಹಲಸಿನ ಎಲೆಯ ತೊಟ್ಟಿಗೆ ನೈಲಾನ್ ದಾರ ಕಟ್ಟಿ, ದಾರದ ತುದಿಗೆ ಹಾಲಿನ ಪ್ಯಾಕೆಟ್ಟಿನ ಚೂರಿನಲ್ಲಿ ಹೆಸರು ಬರೆದು ಅಲ್ಲಿಟ್ಟಿದ್ದರು. ಎಲೆ ಮಣ್ಣಾಗಲು ಎಷ್ಟು ದಿನ ಬೇಕು, ಗೆದ್ದಲು ಮೊದಲು ಬರುತ್ತದೋ ಅಣಬೆಯೋ, ಎರೆಹುಳದ ಪಾಲೆಷ್ಟು ಎಂದೆಲ್ಲ ಪ್ರತಿ ಶುಕ್ರವಾರ ಬರೆದುಕೊಳ್ಳುತ್ತಿದ್ದರು. ದೀಪಾವಳಿ ರಜೆ ಮುಗಿಸಿ ಬಂದಾಗ ಕಾವ್ಯಶ್ರೀ ಎಂಬ ಹುಡುಗಿಯ ಎಲೆ ಮಾತ್ರ ಕಾಣೆಯಾಗಿತ್ತು. ಒಂದು ಎಲೆ ಕಾಯಲು ಬರುವುದಿಲ್ಲವೇ ಎಂದು ಮೇಧಾ ಅವಳಿಗೆ ಎಲ್ಲರೆದುರು ಬೈದಿದ್ದಳು. ಉಳಿದ ಹದಿನೆಂಟು ಎಲೆ ಬರೀ ನರ ಉಳಿದು ಜಾಳಿಗೆಯಂತಾಗಿದ್ದವು; ಅವು ಬರುವ ಶುಕ್ರವಾರ ಶಿರಸಿಯ ವಿಜ್ಞಾನ ಮೇಳಕ್ಕೆ ಹೋಗಬೇಕಿತ್ತು.

"ಬೇರೆ ಎಲೆ ಕಟ್ಟಿದ್ರಾಯ್ತು," ಎಂದರು ಮಂಜಪ್ಪ. "ಮರದ ತುಂಬ ಇದ್ಯಲ್ಲ."

"ಎಲೆ ಇದೆ ಸರ್. ಏಳು ತಿಂಗಳು ಎಲ್ಲಿಂದ ತರೂದು?"

"ಅದು ಆಮೇಲೆ. ಈಗ ಗುಂಡಿ ನೋಡಿ."

ಅಷ್ಟರಲ್ಲಿ ಮರದಿಂದ ಒಂದು ಎಲೆ ಬಿತ್ತು. ಮಂಜಪ್ಪ ಅದನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡರು.

ಬೇಲಿಯಾಚೆ ಮನೆಯವನಾದ ಕೆರಿಯ, ಎಲೆ ತುಂಬುವ ಹೆಡಿಗೆ, ಗುಡಿಸುವ ಹಿಡಿ ಸಮೇತ ಬಂದು ನಿಂತ. ಪ್ರತಿ ವರ್ಷ ಜನವರಿಯಲ್ಲಿ ಶಾಲೆಯ ದರಕು, ಅಂದರೆ ಒಣಗಿದ ತರಗೆಲೆ, ಗುಡಿಸಿ ಒಯ್ದು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಿ, ಆಮೇಲೆ ಗೊಬ್ಬರಗುಂಡಿಗೆ ಹಾಕುವವನು ಅವನೇ. ಅದಕ್ಕೆ ಬದಲಾಗಿ ಶಾಲೆಯ ಬೇಲಿ ಕಟ್ಟಿಕೊಡುತ್ತಿದ್ದ. ಬೂದಿ ನೋಡಿದ.

"ಎಂತ ಮಾಸ್ತರ್ರೆ, ನಮ್ಮನೆ ದನ ಈ ವರ್ಷ ಬೂದಿ ಮೇಲೆ ಮಲಗ್ಬೇಕಾ?"

"ಮೇಲಿಂದ ಆದೇಶ ಬಂದಿತ್ತು ಮಾರಾಯ."

"ಹಂಗಾರೆ ಮರಕ್ಕೂ ಒಂದು ಕಾಪಿ ಕೊಡಿ. ನಾಳೆನೂ ಉದುರಿಸ್ತದೆ ಅದು."

"ತಮಾಷೆ ಸಾಕು. ನಿನ್ನ ಗೊಬ್ಬರಗುಂಡಿಯಿಂದ ನಾಲ್ಕು ಹೆಡಿಗೆ ತಂದು ಇದಕ್ಕೆ ಹಾಕು. ಫೋಟೋ ತೆಗೆದು ವಾಪಸ್ ಕೊಡ್ತೇನೆ."

"ವಾಪಸ್ ಹೊರೂದು ಯಾರು? ಆ್ಯಪಾ?"

ಆದರೂ ಹೋದ. ಮಂಜಪ್ಪನವರ ಮುಖ ನೋಡಿ ಅಲ್ಲ. ಮೇಧಾ ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಬೂದಿ ಕೆದಕುತ್ತಿದ್ದಳು. ಹಾಲಿನ ಪ್ಯಾಕೆಟ್ಟಿನ ಚೂರುಗಳೆಲ್ಲ ಕರಗಿ ಕಪ್ಪು ಗುಳಿಗೆಗಳಾಗಿದ್ದವು. ಯಾರ ಹೆಸರೂ ಓದುವಂತಿರಲಿಲ್ಲ. "ಮಕ್ಕಳಿಗೆ ಎಂತ ಹೇಳವು ಆನು," ಎಂದು ಮನೆಮಾತಿನಲ್ಲಿ ತನಗೇ ಹೇಳಿಕೊಂಡಳು.

ನಾಲ್ಕನೆಯ ಹೆಡಿಗೆ ಗುಂಡಿಗೆ ಬೀಳುವಾಗ ಹನ್ನೊಂದಕ್ಕೆ ಹತ್ತು ನಿಮಿಷ. "ಅಡಿದೇ ತಂದಿದ್ದೆ," ಎಂದ ಕೆರಿಯ, "ಮೇಲಿಂದು ಇನ್ನೂ ಹಸಿ." ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿ, ಮುಟ್ಟಿದರೆ ಬೆಚ್ಚಗಿತ್ತು. ಮಂಜಪ್ಪ ಮೊಬೈಲ್ ಎತ್ತಿದವರು ಹಾಗೇ ನಿಂತರು.

"ಮೇಡಂ, ಅಲ್ಲೊಂದು ಪ್ಲಾಸ್ಟಿಕ್! ತೆಗೀರಿ, ತೆಗೀರಿ. ಫೋಟೋದಲ್ಲಿ ಬಂದ್ರೆ ಐದು ಅಂಕ ಕಟ್."

"ಅದು ನಮ್ಮನೇದಲ್ಲ," ಎಂದ ಕೆರಿಯ. "ದೀಪಾವಳಿ ರಜೆಲಿ ದನ ಕರು ಹಾಕಿತ್ತು. ಅರ್ಜೆಂಟಿಗೆ ಹಾಸೂಕೆ ಅಂತ ಆ ಕಲ್ಲಿನ ಹತ್ರದಿಂದ ಒಂದು ಹೆಡಿಗೆ ಬಳಕಂಡು ಹೋಗಿದ್ದೆ. ಅದ್ರಲ್ಲಿ ಬಂದಿದ್ದಿರಬೇಕು."

ಮೇಧಾ ಚಪ್ಪಲಿ ಬಿಟ್ಟು ಗುಂಡಿಗೆ ಇಳಿದಳು. ಕಾಲು ಮೊಣಕಾಲವರೆಗೆ ಹೂತುಹೋಯಿತು. ಬಗ್ಗಿ ಚೂರನ್ನು ಹಿಡಿದು ಸೆರಗಿಗೆ ಒರೆಸಿದಳು. ‘ಕಾವ್ಯಶ್ರೀ, ಏಳನೇ ತರಗತಿ’. ಮಸಿ ಕೂಡ ಮಾಸಿರಲಿಲ್ಲ.

"ಸಿಕ್ತಲ್ಲ? ಅದನ್ನ ಆಚೆ ಎಸೆದು ಬೇಗ ಮೇಲೆ ಬನ್ನಿ, ನೀವೂ ಫೋಟೋದಲ್ಲಿ ಬರ್ತೀರಿ."

ಅವಳು ದಾರವನ್ನು ಮೆಲ್ಲಗೆ ಎಳೆದಳು. ಒಂದು ಗೇಣು ಬಂತು, ಇನ್ನೊಂದು ಗೇಣು ಬಂತು, ಆಮೇಲೆ ತುದಿ ಬಂತು. ಹುಡುಗಿ ಜೂನಿನಲ್ಲಿ ಹಾಕಿದ ಗಂಟು ಬಿಗಿಯಾಗಿ ಹಾಗೆಯೇ ಇತ್ತು. ಗಂಟಿನೊಳಗೆ ಎಲೆಯ ತೊಟ್ಟೂ ಉಳಿದಿರಲಿಲ್ಲ; ಎಲ್ಲ ಮಣ್ಣಾಗಿತ್ತು.